ಇಳಿತ ತೆರೆಯುವ ದಾರಿ ಯಾರದು?

ದಿನಕ್ಕೆ ಎರಡು ಸಲ ಕರೆಗೆ ಸೇರಿಕೊಂಡು, ಎರಡು ಸಲ ಕರೆಯಿಂದ ಕಳಚಿಕೊಳ್ಳುವ ನೆಲಗಳಿವೆ. ಕಡಲು ಇಳಿದಾಗ ಅಲ್ಲಿಗೆ ನಡೆದೇ ಹೋಗಬಹುದು, ಏರಿದಾಗ ಅದು ನಡುಗಡ್ಡೆ. ಬ್ರಿಟನ್ನಿನ ಸುತ್ತಲೇ ಇಂಥವು ನಲವತ್ತಕ್ಕೂ ಹೆಚ್ಚಿವೆ. ಫ್ರಾನ್ಸಿನ ಮೋಂ ಸಾಂ ಮಿಶೆಲ್ ಹೆಸರು ನೀವು ಕೇಳಿರುತ್ತೀರಿ. ಮಹಾರಾಷ್ಟ್ರದಲ್ಲಿ ಅಲಿಬಾಗಿನ ಎದುರಿಗಿರುವ ಕುಲಾಬಾ ಕೋಟೆ ಇದೇ ಜಾತಿಯದು. ದಕ್ಷಿಣ ಕೊರಿಯಾದ ಜಿಂದೊ ಮತ್ತು ಮೊದೊ ದ್ವೀಪಗಳ ನಡುವೆ ವರ್ಷದ ಕೆಲವೇ ದಿನ, ಸುಮಾರು ಒಂದು ಗಂಟೆ ಹೊತ್ತು, 2.8 ಕಿಲೋಮೀಟರ್ ಉದ್ದದ ದಾರಿ ಮೇಲೇಳುತ್ತದೆ. ಅಮೆರಿಕದ ಮೇನ್ ರಾಜ್ಯದ ಬಾರ್ ಐಲೆಂಡಿಗೆ ಇಳಿತದ ಹಿಂದೆ ಮುಂದೆ ಒಂದೂವರೆ ಗಂಟೆ ನಡೆಯಲು ಸಿಗುತ್ತದೆ.

ಈ ಜಾಗಗಳ ಚಿತ್ರಗಳನ್ನು ನೋಡಿದವರು ಬಹಳ ಮಂದಿ ಇದ್ದೀರಿ. ಇವತ್ತು ನಾನು ಕೇಳಬೇಕೆಂದಿರುವುದು ಒಂದು ಪ್ರಶ್ನೆ. ಆ ದಾರಿ ಯಾರದು? ಅದರ ಮೇಲೆ ನಡೆಯುವ ಹಕ್ಕು ನಿಮಗೂ ನನಗೂ ಇದೆಯೇ, ಅಥವಾ ಯಾರೋ ಸುಮ್ಮನಿರುವುದರಿಂದ ನಾವು ನಡೆಯುತ್ತಿದ್ದೇವೆಯೇ? ನನ್ನ ನಿಲುವನ್ನು ಈಗಲೇ ಹೇಳಿಬಿಡುತ್ತೇನೆ: ಅದು ಎಲ್ಲರ ದಾರಿಯಾಗಿಯೇ ಉಳಿಯಬೇಕು. ಆದರೆ ಹಕ್ಕನ್ನು ಕೊಟ್ಟು ಹೊತ್ತನ್ನು ಹೇಳದೇ ಇದ್ದರೆ ಕೊಟ್ಟದ್ದು ಅರ್ಧ ಹಕ್ಕು ಮಾತ್ರ. ಯಾವಾಗ ಹೋಗಬಹುದು, ಯಾವಾಗ ಹಿಂದಿರುಗಲೇಬೇಕು ಎಂದು ತಿಳಿಸುವುದು ಆ ಹಕ್ಕಿನ ಒಳಗೇ ಸೇರಿದ ಕೆಲಸ.

ಹಕ್ಕಿನ ಮಾತಿಗೆ ಮೊದಲು ಸ್ವಲ್ಪ ನೀರಿನ ಮಾತು ಆಡಬೇಕು. ಅದು ಗೊತ್ತಿಲ್ಲದೆ ಕಾನೂನಿನ ತೊಡಕು ಅರ್ಥವಾಗುವುದಿಲ್ಲ.

ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಬೆಳಿಗ್ಗೆ ಹತ್ತಕ್ಕೆ ಪೂರ್ತಿ ಇಳಿದಿದ್ದರೆ ನಾಳೆ ಹತ್ತು ಐವತ್ತರ ಸುಮಾರಿಗೆ ಇಳಿಯುತ್ತದೆ. ನಿನ್ನೆ ಹೋಗಿ ಬಂದ ಹೊತ್ತು ಇವತ್ತಿಗೆ ಸಲ್ಲುವುದಿಲ್ಲ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ನೀರು ಹೆಚ್ಚು ಏರುತ್ತದೆ, ಅಷ್ಟೇ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಸಪ್ಪೆ. ಉಬ್ಬರವಿಳಿತದ ಪಟ್ಟಿಯಲ್ಲಿ ಇಳಿತದ ಹೊತ್ತು ನಮೂದಾಗಿರುತ್ತದೆ, ಆದರೆ ಅಷ್ಟಮಿಯ ಇಳಿತದಲ್ಲಿ ದಾರಿ ನೀರಿನಿಂದ ಮೇಲೆ ಬಾರದೆಯೇ ಇರಬಹುದು. ಹೊತ್ತಿನ ಜೊತೆಗೆ ಎತ್ತರವನ್ನೂ ನೋಡಬೇಕು ಎನ್ನುವುದು ಇದಕ್ಕೇ.

ಗುಜರಾತಿನ ಭಾವನಗರದ ಹತ್ತಿರ ಕೋಳಿಯಾಕ್ ಎಂಬ ಊರಿದೆ. ಅಲ್ಲಿ ಕರೆಯಿಂದ ಸುಮಾರು ಒಂದು ಕಿಲೋಮೀಟರ್ ಒಳಗೆ, ಕಡಲಿನ ನಡುವೆ ಬಂಡೆಯ ಮೇಲೆ ನಿಷ್ಕಲಂಕ ಮಹಾದೇವನ ಐದು ಲಿಂಗಗಳಿವೆ. ಉಬ್ಬರದಲ್ಲಿ ಲಿಂಗಗಳು ಮುಳುಗುತ್ತವೆ, ಧ್ವಜಸ್ತಂಭ ಮಾತ್ರ ಕಾಣುತ್ತದೆ. ಇಳಿತದಲ್ಲಿ ಜನ ನಡೆದು ಹೋಗಿ ಪೂಜೆ ಮಾಡಿ ಬರುತ್ತಾರೆ. ಅಲ್ಲಿನ ದೊಡ್ಡ ಜಾತ್ರೆ ನಡೆಯುವುದು ಅಮಾವಾಸ್ಯೆಯಂದು. ಖಂಭಾತ್ ಕೊಲ್ಲಿಯ ಕೆಲವು ಕಡೆ ಉಬ್ಬರಕ್ಕೂ ಇಳಿತಕ್ಕೂ ಇರುವ ಅಂತರ 10 ಮೀಟರನ್ನೂ ದಾಟುತ್ತದೆ. ಅಂಥ ಕಡಲಿನಲ್ಲಿ ನೆಲ ಹೆಚ್ಚು ದೂರ ತೆರೆದುಕೊಳ್ಳುವ ದಿನಗಳಲ್ಲೇ ಜಾತ್ರೆ ನಿಂತಿದೆ. ಪಂಚಾಂಗವೂ ಉಬ್ಬರವಿಳಿತದ ಪಟ್ಟಿಯೂ ಅಲ್ಲಿ ಒಂದನ್ನೊಂದು ಒಪ್ಪುತ್ತವೆ. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸಿರುವುದಿಲ್ಲ: ಒಂದೇ ಜಾಗದಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಇಳಿತ ಯಾವಾಗಲೂ ಹೆಚ್ಚುಕಡಿಮೆ ಗಡಿಯಾರದ ಅದೇ ಹೊತ್ತಿಗೆ ಬರುತ್ತದೆ. ಕರೆಯಲ್ಲಿ ಹುಟ್ಟಿ ಬೆಳೆದವರಿಗೆ ಇದು ಪಟ್ಟಿ ನೋಡದೆಯೇ ಗೊತ್ತಿರುತ್ತದೆ. ಹೊರಗಿನಿಂದ ಬಂದವರಿಗೆ ಯಾರಾದರೂ ಹೇಳಬೇಕು.

ದಾರಿ ಹುಟ್ಟುವುದಾದರೂ ಹೇಗೆ? ಕೆಲವು ಕಡೆ ಬಂಡೆಯೇ ಇರುತ್ತದೆ. ಬಹಳ ಕಡೆ ಮರಳು. ಅಲೆಗಳು ನಡುಗಡ್ಡೆಗೆ ಬಡಿದು ಎರಡೂ ಪಕ್ಕದಿಂದ ಬಾಗಿ ಹಿಂದಕ್ಕೆ ಬರುತ್ತವೆ. ಹಿಂದುಗಡೆ, ಅಂದರೆ ಕರೆಯ ಕಡೆ, ಎರಡೂ ಕೂಡುವ ಜಾಗದಲ್ಲಿ ಬಿರುಸು ಕಳೆದುಕೊಂಡು ಹೊತ್ತು ತಂದ ಮರಳನ್ನು ಇಳಿಸುತ್ತವೆ. ಅಲ್ಲೊಂದು ದಿಣ್ಣೆ ಬೆಳೆಯುತ್ತದೆ. ಈ ದಿಣ್ಣೆ ನಿಂತಲ್ಲೇ ನಿಲ್ಲುವುದಿಲ್ಲ. ಒಂದು ಬಿರುಗಾಳಿಗೆ ಸರಿಯುತ್ತದೆ, ಮಗ್ಗುಲಿನ ಕಾಲುವೆ ಆಳವಾಗುತ್ತದೆ, ಹೋದ ವರ್ಷ ಗಟ್ಟಿಯಿದ್ದ ಜಾಗ ಈ ವರ್ಷ ಹುದುಲು. ಕಾನೂನಿಗೆ ಬೇಕಾದದ್ದು ನಕ್ಷೆಯ ಮೇಲೊಂದು ಗೆರೆ. ಕಡಲು ಕೊಡುವುದು ಸರಿಯುವ ಗೆರೆ. ಇಲ್ಲಿಂದಲೇ ತೊಡಕು ಶುರುವಾಗುತ್ತದೆ.

ನೀವು ಕರೆಯಿಂದ ಹೊರಟು ನಡುಗಡ್ಡೆಯ ಮೇಲೆ ನಿಲ್ಲುವವರೆಗೆ ಮೂರು ಬಗೆಯ ನೆಲವನ್ನು ದಾಟುತ್ತೀರಿ. ಮೊದಲನೆಯದು ಊರಿನ ರಸ್ತೆಯಿಂದ ದಂಡೆಗೆ ಇಳಿಯುವ ದಾರಿ. ಎರಡನೆಯದು ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವಿನ ನೆಲ. ಮೂರನೆಯದು ನಡುಗಡ್ಡೆಯ ಮೇಲಿನ ಒಣ ನೆಲ. ಮೂರಕ್ಕೂ ಮಾಲೀಕರು ಬೇರೆ, ಕಾನೂನು ಬೇರೆ. ಮೂರರಲ್ಲಿ ಒಂದು ಮುಚ್ಚಿದರೂ ದಾರಿ ಮುಚ್ಚಿತು. ನಡುವಿನ ನೆಲ ಎಲ್ಲರದೂ ಆಗಿದ್ದು, ದಂಡೆಗೆ ಇಳಿಯುವ ಓಣಿಗೆ ಯಾರೋ ಗೇಟು ಹಾಕಿದರೆ ಏನು ಮಾಡುತ್ತೀರಿ?

ನಡುವಿನ ನೆಲದ ಬಗ್ಗೆ ಹಳೆಯ ಮಾತೊಂದು ಇದೆ. ಕ್ರಿ.ಶ. 533ರಲ್ಲಿ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಹೊರಡಿಸಿದ ಕಾನೂನು ಗ್ರಂಥ, ಗಾಳಿ, ಹರಿಯುವ ನೀರು, ಕಡಲು, ಅದರ ಮೂಲಕ ಕಡಲ ದಂಡೆ, ಇವು ಎಲ್ಲರಿಗೂ ಸೇರಿದವು ಎಂದು ಬರೆದಿಟ್ಟಿತು. ದಂಡೆ ಎಂದರೆ ಎಲ್ಲಿಯವರೆಗೆ? ಚಳಿಗಾಲದ ಅತಿ ದೊಡ್ಡ ಅಲೆ ತಲುಪುವಲ್ಲಿಯವರೆಗೆ. ಅಳತೆಗೋಲನ್ನು ಕಡಲಿನ ಕೈಗೇ ಕೊಟ್ಟ ಆ ವ್ಯಾಖ್ಯೆ ಇವತ್ತಿಗೂ ನನಗೆ ಬಹಳ ಹಿಡಿಸುತ್ತದೆ.

ಆದರೆ ಎಲ್ಲ ದೇಶಗಳೂ ಆ ಹಾದಿ ಹಿಡಿಯಲಿಲ್ಲ. ಇಂಗ್ಲೆಂಡಿನಲ್ಲಿ 1821ರ ಬ್ಲಂಡೆಲ್ ಮತ್ತು ಕ್ಯಾಟರಲ್ ಪ್ರಕರಣದಲ್ಲಿ, ಕಡಲಲ್ಲಿ ಸ್ನಾನ ಮಾಡಲೆಂದು ದಂಡೆಯ ನೆಲವನ್ನು ದಾಟುವ ಹಕ್ಕು ಸಾರ್ವಜನಿಕರಿಗೆ ಇಲ್ಲ ಎಂದು ನ್ಯಾಯಾಲಯ ಬಹುಮತದಿಂದ ತೀರ್ಪು ಕೊಟ್ಟಿತು. ಬೆಸ್ಟ್ ಎಂಬ ನ್ಯಾಯಮೂರ್ತಿ ಒಬ್ಬರೇ ಒಪ್ಪಲಿಲ್ಲ. ದಂಡೆ ಎಲ್ಲರಿಗೂ ತೆರೆದಿರಬೇಕು ಎಂದು ಅವರು ಬೇರೆಯಾಗಿ ಬರೆದರು. ಅಲ್ಲಿಂದ ಮುಂದೆ ಆ ದೇಶದಲ್ಲಿ ಜನ ದಂಡೆಯಲ್ಲಿ ನಡೆದದ್ದು ಬಹುಪಾಲು ಮಾಲೀಕರು ಅಡ್ಡಿ ಮಾಡಲಿಲ್ಲ ಎಂಬ ಕಾರಣಕ್ಕೆ. ಅಡ್ಡಿ ಮಾಡದಿರುವುದಕ್ಕೂ ಹಕ್ಕಿಗೂ ಇರುವ ಅಂತರ ಗೊತ್ತಾಗುವುದು ಅಡ್ಡಿ ಬಂದ ದಿನ.

ಅಮೆರಿಕದ ಮೇನ್ ರಾಜ್ಯದ ಕಥೆ ಇನ್ನೂ ಬಿಗಿ. 1640ರ ದಶಕದ ವಸಾಹತು ಕಾಲದ ಕಟ್ಟಳೆಯೊಂದರ ಪ್ರಕಾರ ಅಲ್ಲಿ ದಂಡೆಯ ಮನೆಯವರ ಒಡೆತನ ಇಳಿತದ ಗೆರೆಯವರೆಗೂ ಚಾಚುತ್ತದೆ. ಸಾರ್ವಜನಿಕರಿಗೆ ಉಳಿದದ್ದು ಮೂರು ಕೆಲಸ: ಮೀನು ಹಿಡಿಯುವುದು, ಹಕ್ಕಿ ಬೇಟೆ, ದೋಣಿ ಸಾಗಿಸುವುದು. 1989ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು. ಅಂದರೆ ಕೈಯಲ್ಲಿ ಗಾಳ ಇದ್ದವರಿಗೆ ಅಲ್ಲಿ ಕಾನೂನಿನ ಬೆಂಬಲ ಇದೆ, ಬರಿಗೈಯಲ್ಲಿ ಸುಮ್ಮನೆ ನಡೆಯುವವರಿಗೆ ಇಲ್ಲ. 2011ರಲ್ಲಿ ಅದೇ ನ್ಯಾಯಾಲಯ ನೀರೊಳಗೆ ಮುಳುಗಿ ಈಜುವವರು ಆ ನೆಲವನ್ನು ದಾಟಬಹುದು ಎಂದಿತು. ನಾಲ್ಕು ಶತಮಾನದ ಹಿಂದಿನ ಬದುಕಿಗೆ ಹೊಂದಿದ ಪಟ್ಟಿಯನ್ನು ಇಷ್ಟಿಷ್ಟೇ ಹಿಗ್ಗಿಸುವ ಕೆಲಸ ಇದು. ನಡೆಯುವುದು ಮನುಷ್ಯನ ಅತ್ಯಂತ ಸರಳವಾದ ಕೆಲಸ. ಪಟ್ಟಿಯಲ್ಲಿ ಅದಕ್ಕೇ ಜಾಗ ಇಲ್ಲ ಎನ್ನುವುದು ನನಗೆ ನೋವಿನ ಸಂಗತಿ.

ಸ್ಕಾಟ್ಲೆಂಡ್ ಬೇರೆ ದಾರಿ ಹಿಡಿಯಿತು. 2003ರ ಭೂಸುಧಾರಣಾ ಕಾಯ್ದೆ ಅಲ್ಲಿ ಎಲ್ಲರಿಗೂ ಜವಾಬ್ದಾರಿಯಿಂದ ನಡೆಯುವ ಹಕ್ಕನ್ನು ಕೊಟ್ಟಿದೆ. ಅದರಲ್ಲಿ ದಂಡೆಯ ನೆಲವೂ ಸೇರಿದೆ, ಮಾಲೀಕರಿರುವ ನಡುಗಡ್ಡೆಯೂ ಸೇರಿದೆ. ಮನೆ ಮತ್ತು ಅದರ ಅಂಗಳದ ಖಾಸಗಿತನವನ್ನು ಬಿಟ್ಟು ಉಳಿದ ಕಡೆ ನಡೆಯಬಹುದು. ಬೆಳೆ ತುಳಿಯಬಾರದು, ಪ್ರಾಣಿಗಳನ್ನು ಬೆದರಿಸಬಾರದು. ಹಕ್ಕು ಮತ್ತು ನಡತೆ ಒಂದೇ ಕಾಯ್ದೆಯಲ್ಲಿ ಒಟ್ಟಿಗೆ ಬಂದವು.

ಇಂಗ್ಲೆಂಡ್ ಕೊನೆಗೂ 2009ರಲ್ಲಿ ಕಡಲು ಮತ್ತು ಕರಾವಳಿ ಪ್ರವೇಶ ಕಾಯ್ದೆ ತಂದಿತು. ದೇಶದ ಕರೆಯುದ್ದಕ್ಕೂ ಒಂದು ಕಾಲ್ದಾರಿ, ಅದರಿಂದ ಕಡಲಿನವರೆಗಿನ ನೆಲದಲ್ಲಿ ಸಾಮಾನ್ಯವಾಗಿ ನಡೆಯುವ ಹಕ್ಕು, ಇದು ಕಾಯ್ದೆಯ ಗುರಿ. ದ್ವೀಪಗಳ ಬಗ್ಗೆ ಆ ಕಾಯ್ದೆಯ 300ನೇ ಸೆಕ್ಷನ್ ಹೇಳುವ ಮಾತನ್ನು ನೀವು ಗಮನವಿಟ್ಟು ಕೇಳಬೇಕು. ಮುಖ್ಯ ನೆಲದಿಂದ ದಂಡೆಯ ಮೂಲಕ, ಸೇತುವೆ, ಸುರಂಗ ಅಥವಾ ಒಡ್ಡಿನ ಮೂಲಕ ನಡೆದು ಹೋಗಲು ಸಾಧ್ಯವಿರುವ ದ್ವೀಪ ಕಾಯ್ದೆಯ ಒಳಗೆ ತಾನಾಗಿ ಬರುತ್ತದೆ. ಮುಂದಿನ ಸಾಲು: ಕೆಲವು ಹೊತ್ತಿನಲ್ಲಿ ಮಾತ್ರ ನಡೆಯಲು ಸಾಧ್ಯವಿದ್ದರೂ ಅದನ್ನು ಸಾಧ್ಯ ಎಂದೇ ತಿಳಿಯಬೇಕು.

ಈ ಸಾಲಿನ ತೂಕ ನೋಡಿ. 380 ಚದರ ಕಿಲೋಮೀಟರ್ ವಿಸ್ತಾರದ, ದೋಣಿಯಲ್ಲೇ ಹೋಗಬೇಕಾದ ಐಲ್ ಆಫ್ ವೈಟ್ ದ್ವೀಪವನ್ನು ಒಳಗೆ ತರಲು ಸಚಿವರ ಪ್ರತ್ಯೇಕ ಆದೇಶ ಬೇಕಾಯಿತು. ಇಳಿತದಲ್ಲಿ ಕಾಲಿಗೆ ಸಿಗುವ ಪುಟ್ಟ ದಿಬ್ಬಕ್ಕೆ ಯಾರ ಆದೇಶವೂ ಬೇಡ. ಬಿಟ್ಟು ಬಿಟ್ಟು ತೆರೆಯುವ ದಾರಿಯೂ ದಾರಿಯೇ ಎಂದು ಒಂದು ಸಂಸತ್ತು ಕಾಯ್ದೆಯಲ್ಲಿ ಬರೆದು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಹಾಗೆಂದು ಎಲ್ಲ ಕೆಸರು ಬಯಲೂ ತೆರೆದುಕೊಂಡಿತು ಎಂದು ತಿಳಿಯಬೇಡಿ. ನಡೆಯಲು ತಕ್ಕದ್ದಲ್ಲದ ಜವುಗು, ಕೆಸರು ಬಯಲುಗಳಿಂದ ಜನರನ್ನು ಹೊರಗಿಡುವ ಅಧಿಕಾರವೂ ಅದೇ ವ್ಯವಸ್ಥೆಯಲ್ಲಿದೆ. ಸರಿಯಾಗಿ ಬಳಸಿದರೆ ಅದು ಬೇಕಾದ ಅಧಿಕಾರವೇ. ನಕ್ಷೆಯ ಮೇಲೆ ದೊಡ್ಡದಾಗಿ ಬಣ್ಣ ಬಳಿದು ಮುಚ್ಚುವಾಗ, ಅದರ ನಡುವೆ ತಲೆಮಾರುಗಳಿಂದ ಜನ ನಡೆದು ಗಟ್ಟಿಯಾದ ದಾರಿಯೂ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು.

ಭಾರತದ ಮಾತಿಗೆ ಬಂದರೆ, 1996ರ ಡಿಸೆಂಬರಿನಲ್ಲಿ ಎಂ.ಸಿ. ಮೆಹ್ತಾ ಮತ್ತು ಕಮಲ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಾರ್ವಜನಿಕ ನ್ಯಾಸದ ತತ್ವವನ್ನು ನಮ್ಮ ಕಾನೂನಿನ ಭಾಗವೆಂದು ಹೇಳಿತು. ಕಡಲ ದಂಡೆ, ಹರಿಯುವ ನೀರು, ಗಾಳಿ, ಕಾಡುಗಳಿಗೆ ಸರ್ಕಾರ ಜನರ ಪರವಾಗಿ ಕಾವಲುಗಾರ, ಮಾರುವ ಒಡೆಯನಲ್ಲ ಎನ್ನುವುದು ಅದರ ತಿರುಳು. ಜಸ್ಟಿನಿಯನ್ ಕಾಲದ ಮಾತು ಹೀಗೆ ಸುತ್ತಿಕೊಂಡು ನಮ್ಮಲ್ಲಿಗೂ ಬಂತು. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವಿನ ನೆಲವನ್ನು ಒಂದು ಪ್ರತ್ಯೇಕ ವರ್ಗವಾಗಿ ಗುರುತಿಸುತ್ತದೆ. 2011ರ ಅಧಿಸೂಚನೆಯಲ್ಲಿ ಎರಡು ಹೋಟೆಲು ಅಥವಾ ರೆಸಾರ್ಟುಗಳ ನಡುವೆ ದಂಡೆಗೆ ಹೋಗಲು ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕು ಎಂಬ ಷರತ್ತಿತ್ತು, ಬೇಲಿ ಸಾರ್ವಜನಿಕರ ಓಡಾಟಕ್ಕೆ ಅಡ್ಡಿಯಾಗಬಾರದು ಎಂಬುದೂ ಇತ್ತು. ಇವೆಲ್ಲ ದಂಡೆಯವರೆಗೆ ತಲುಪಿಸುವ ನಿಯಮಗಳು. ದಂಡೆಯಿಂದ ಆಚೆ, ಇಳಿತದಲ್ಲಿ ತೆರೆಯುವ ನಡಿಗೆಯನ್ನೇ ಹೆಸರಿಸಿ ಇಂಗ್ಲೆಂಡಿನ 300ನೇ ಸೆಕ್ಷನ್ ಹೇಳಿದಂಥ ಒಂದು ಸ್ಪಷ್ಟ ಸಾಲು ಬೇಕು ಎಂದು ನಾನು ವಾದಿಸುತ್ತೇನೆ.

ಇನ್ನು ಮೂರನೆಯ ನೆಲ, ನಡುಗಡ್ಡೆಯ ಮೇಲ್ಭಾಗ. ಇಂಗ್ಲೆಂಡಿನ ಮಾಲ್ಡನ್ ಊರಿನ ಪಕ್ಕದ ನಾರ್ದಿ ಐಲೆಂಡ್, ಹಳೆಯ ತಾಣಗಳನ್ನೂ ನಿಸರ್ಗವನ್ನೂ ಕಾಯುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನದು. ಇಳಿತದಲ್ಲಿ ಹೊರಬರುವ ಒಡ್ಡಿನ ದಾರಿ ಅದಕ್ಕಿದೆ. ಸ್ವಲ್ಪ ದಾರಿ ಬಿಟ್ಟು ಒಂದು ಮಾತು ಹೇಳಿಬಿಡುತ್ತೇನೆ. ಕ್ರಿ.ಶ. 991ರಲ್ಲಿ ವೈಕಿಂಗ್ ಪಡೆಯೊಂದು ಆ ಪ್ರದೇಶದ ನಡುಗಡ್ಡೆಯಲ್ಲಿ ಬೀಡುಬಿಟ್ಟಿತ್ತು, ಅದು ನಾರ್ದಿಯೇ ಎಂದು ಹೆಚ್ಚಿನವರು ನಂಬುತ್ತಾರೆ. ಇಳಿತದಲ್ಲಿ ಇಕ್ಕಟ್ಟಿನ ದಾರಿ ತೆರೆಯಿತು. ದಾಟಿ ಬರಲು ಬಿಡಿ ಎಂದು ಅವರು ಕೇಳಿದರು. ಕರೆಯಲ್ಲಿದ್ದ ಇಂಗ್ಲಿಷ್ ನಾಯಕ ಬಿರ್ತ್‌ನಾತ್ ಬಿಟ್ಟ, ಯುದ್ಧದಲ್ಲಿ ಸೋತು ಸತ್ತ. ಇಂಥ ದಾರಿಯನ್ನು ಯಾರು ಕಾಯುತ್ತಾರೆ, ಯಾರಿಗೆ ಬಿಡುತ್ತಾರೆ ಎನ್ನುವುದು ಎಷ್ಟು ಹಳೆಯ ಪ್ರಶ್ನೆ ಎಂದು ತೋರಿಸಲು ಇದನ್ನು ಹೇಳಿದೆ.

ಮುಂಬೈಯ ಹಾಜಿ ಅಲಿ ದರ್ಗಾಕ್ಕೆ ಕರೆಯಿಂದ ಸುಮಾರು ಅರ್ಧ ಕಿಲೋಮೀಟರಿನ ಒಡ್ಡಿದೆ. ದೊಡ್ಡ ಉಬ್ಬರದಲ್ಲಿ ಅದರ ಮೇಲೆ ನೀರು ಹಾಯುತ್ತದೆ. ನೀರು ಇಳಿದಾಗ ಗಂಡಸರೂ ಹೆಂಗಸರೂ ಒಂದೇ ದಾರಿಯಲ್ಲಿ ನಡೆದು ಹೋಗುತ್ತಿದ್ದರು, ಆದರೆ ಒಂದು ಹಂತದಿಂದ ಹೆಂಗಸರಿಗೆ ಗರ್ಭಗೃಹದ ಬಾಗಿಲು ಮುಚ್ಚಿತು. 2016ರ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟು ಆ ನಿರ್ಬಂಧ ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿತು. ಕಡಲು ಬಿಟ್ಟ ಮೇಲೂ ಮನುಷ್ಯರು ತಡೆಯಬಲ್ಲರು. ನಡಿಗೆಯ ಹಕ್ಕನ್ನು ದಂಡೆಯಿಂದ ಮೆಟ್ಟಿಲಿನವರೆಗೆ ಇಡಿಯಾಗಿ ನೋಡಬೇಕು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಈಗ ಹೊತ್ತಿನ ಮಾತು. ನನಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು.

ನೀರು ಒಂದೇ ಸಮನೆ ಏರುವುದಿಲ್ಲ. ನಾವಿಕರು ಬಳಸುವ ಹನ್ನೆರಡನೆಯ ಪಾಲಿನ ಲೆಕ್ಕವನ್ನು ನೀವೂ ಕಲಿತುಕೊಳ್ಳಿ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಒಟ್ಟು ಏರಿಕೆ 6 ಮೀಟರ್ ಇರುವ ಕಡೆ ಮೊದಲ ಗಂಟೆಯಲ್ಲಿ ಅರ್ಧ ಮೀಟರ್ ಏರುತ್ತದೆ. ನೋಡುವವರಿಗೆ ‘ಇನ್ನೂ ಬೇಕಾದಷ್ಟು ಹೊತ್ತಿದೆ’ ಅನ್ನಿಸುತ್ತದೆ. ಮೂರನೆಯ ಗಂಟೆಯಲ್ಲಿ ಒಂದೂವರೆ ಮೀಟರ್, ನಾಲ್ಕನೆಯದರಲ್ಲಿ ಮತ್ತೆ ಒಂದೂವರೆ ಮೀಟರ್. ಅದರ ಮೇಲೆ, ದಾರಿಯ ಅತಿ ತಗ್ಗಿನ ಜಾಗ ಸಾಮಾನ್ಯವಾಗಿ ನಡುವೆ ಇರುತ್ತದೆ. ನಡುಗಡ್ಡೆಯ ಅಂಚು ಒಣಗಿರುತ್ತದೆ, ಕರೆಯೂ ಒಣಗಿರುತ್ತದೆ, ನಡುವಿನ ಕಾಲುವೆಯಲ್ಲಿ ನೀರು ಸೆಳೆಯಲು ಶುರುವಾಗಿರುತ್ತದೆ. ಕರೆಯ ಕಡೆ ಗಾಳಿ ಬೀಸುತ್ತಿದ್ದರೆ, ವಾಯುಭಾರ ಕುಸಿದಿದ್ದರೆ, ಪಟ್ಟಿ ಹೇಳಿದ್ದಕ್ಕಿಂತ ಬೇಗ ಬರುತ್ತದೆ. ವಾಯುಭಾರ ಒಂದು ಹೆಕ್ಟೋಪಾಸ್ಕಲ್ ಇಳಿದರೆ ಕಡಲ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ.

ಇದನ್ನು ಪ್ರತಿಯೊಬ್ಬ ನಡಿಗೆಯವರೂ ತಾವೇ ಲೆಕ್ಕ ಹಾಕಿಕೊಳ್ಳಲಿ ಎಂದು ಬಿಡುವುದು ಅನ್ಯಾಯ. ಎಡಿನ್‌ಬರೊ ನಗರದ ಅಂಚಿನ ಕ್ರಾಮಂಡ್ ದ್ವೀಪದಲ್ಲಿ ಒಂದು ಸರಳ ವ್ಯವಸ್ಥೆ ಮಾಡಿದ್ದಾರೆ. ಅಲ್ಲಿನ ಒಡ್ಡಿನ ಪಕ್ಕದಲ್ಲಿ ಎರಡನೇ ಮಹಾಯುದ್ಧದ ಕಾಲದ ಕಾಂಕ್ರೀಟು ಕಂಬಗಳ ಸಾಲಿದೆ, ಶತ್ರು ದೋಣಿಗಳನ್ನು ತಡೆಯಲು ನೆಟ್ಟದ್ದು. ಬಹಳ ಮಂದಿ ಸಿಕ್ಕಿಹಾಕಿಕೊಳ್ಳುತ್ತಿದ್ದ ಜಾಗ. ಜೀವರಕ್ಷಕ ದೋಣಿಗಳ ಸಂಸ್ಥೆಯಾದ ಆರ್‌ಎನ್‌ಎಲ್‌ಐ ಒಂದು ಸಂಖ್ಯೆ ಕೊಟ್ಟಿತು. ದ್ವೀಪದ ಹೆಸರನ್ನು ಮೊಬೈಲಿನಿಂದ ಆ ಸಂಖ್ಯೆಗೆ ಎಸ್‌ಎಂಎಸ್ ಮಾಡಿದರೆ ಸುರಕ್ಷಿತವಾಗಿ ದಾಟುವ ಹೊತ್ತು ಉತ್ತರವಾಗಿ ಬರುತ್ತದೆ. ದಾರಿ ಮುಚ್ಚಲಿಲ್ಲ, ಗೇಟು ಹಾಕಲಿಲ್ಲ.

ಲಿವರ್‌ಪೂಲಿನ ಹತ್ತಿರ ಡೀ ಅಳಿವೆಯ ಹಿಲ್ಬ್ರೆ ದ್ವೀಪಗಳಿಗೆ ಹೋಗುವವರಿಗೆ ಕೊಡುವ ಸೂಚನೆಯೂ ಒಳ್ಳೆಯ ಮಾದರಿ. ಮೂರು ಪುಟ್ಟ ದ್ವೀಪಗಳು. ವೆಸ್ಟ್ ಕರ್ಬಿಯಿಂದ ಕಣ್ಣಿಗೆ ಕಾಣುವ ದೊಡ್ಡ ದ್ವೀಪಕ್ಕೆ ನೆಟ್ಟಗೆ ಹೋಗಬಾರದು, ನಡುವೆ ಕಾಲುವೆಗಳಿವೆ. ಮೊದಲು ಲಿಟಲ್ ಐ, ಅಲ್ಲಿಂದ ಎಡಗಡೆಯಿಂದ ಮಿಡಲ್ ಐ, ಆಮೇಲೆ ಹಿಲ್ಬ್ರೆ. ಉಬ್ಬರ ಕಳೆದು ಮೂರು ಗಂಟೆಯ ಮೇಲೆ ಹೊರಡಬೇಕು, ಮುಂದಿನ ಉಬ್ಬರಕ್ಕೆ ಮೂರು ಗಂಟೆ ಇರುವಾಗಲೇ ದ್ವೀಪ ಬಿಟ್ಟಿರಬೇಕು. ಯಾವ ಕಡೆಯಿಂದ, ಯಾವಾಗ, ಎಷ್ಟರೊಳಗೆ ಎಂಬ ಮೂರೂ ಇದರಲ್ಲಿವೆ. ‘ಅಪಾಯ, ಎಚ್ಚರಿಕೆ’ ಎಂದು ಕೆಂಪಕ್ಷರದಲ್ಲಿ ಬರೆದ ಬೋರ್ಡಿನಿಂದ ನಡೆಯುವವರಿಗೆ ಇದರಲ್ಲಿ ಒಂದೂ ಸಿಗುವುದಿಲ್ಲ.

ಇಂಗ್ಲೆಂಡಿನ ಈಶಾನ್ಯದ ಲಿಂಡಿಸ್ಫಾರ್ನ್‌ನಲ್ಲಿ ಒಂದು ಸೂಕ್ಷ್ಮ ಇದೆ. 1954ರಿಂದ ಅಲ್ಲಿ ವಾಹನಗಳಿಗೆ ಒಡ್ಡಿನ ರಸ್ತೆ ಇದೆ. ಅದಕ್ಕೂ ಬಹಳ ಹಿಂದಿನಿಂದ ಯಾತ್ರಿಕರು ಮರಳು ಮತ್ತು ಕೆಸರಿನ ಮೇಲೆ ನಡೆಯುತ್ತಿದ್ದ ಸುಮಾರು 5 ಕಿಲೋಮೀಟರಿನ ದಾರಿ ಕಂಬಗಳ ಗುರುತಿನಲ್ಲಿ ಇವತ್ತೂ ಇದೆ, ಸಿಕ್ಕಿಹಾಕಿಕೊಂಡವರು ಹತ್ತಿ ಕೂರಲು ಕಾಲು ಕಂಬದ ಮೇಲೆ ಗೂಡುಗಳಿವೆ. ಅಧಿಕೃತವಾಗಿ ಪ್ರಕಟವಾಗುವ ಸುರಕ್ಷಿತ ಹೊತ್ತು ರಸ್ತೆಯದು. ನಡೆಯುವವರಿಗೆ ಸಿಗುವ ಹೊತ್ತು ಅದಕ್ಕಿಂತ ಕಡಿಮೆ, ನಡಿಗೆಯ ದಾರಿ ತಗ್ಗಿನಲ್ಲಿದೆ, ಮನುಷ್ಯರ ವೇಗವೂ ಕಡಿಮೆ. ಕಾರಿನ ಪಟ್ಟಿ ನೋಡಿಕೊಂಡು ಕಾಲ್ನಡಿಗೆಯಲ್ಲಿ ಹೊರಟವರ ಗತಿ ಏನು? ಎಲ್ಲೇ ಆಗಲಿ, ನಡೆಯುವವರ ಪಟ್ಟಿ ಬೇರೆಯೇ ಇರಬೇಕು. ವಯಸ್ಸಾದವರ, ಮಕ್ಕಳ ಹೆಜ್ಜೆಯ ವೇಗಕ್ಕೆ ಅದನ್ನು ಲೆಕ್ಕ ಹಾಕಬೇಕು.

ಮಾಹಿತಿ ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಡುಗಡ್ಡೆಯ ದಾರಿಯಲ್ಲದ, ಆದರೆ ಅದೇ ಬಗೆಯ ನೆಲದ ಒಂದು ದುರಂತವನ್ನು ನೆನೆಯಲೇಬೇಕು. 2004ರ ಫೆಬ್ರವರಿ 5ರ ರಾತ್ರಿ ಇಂಗ್ಲೆಂಡಿನ ಮೋರ್ಕಮ್ ಕೊಲ್ಲಿಯ ಮರಳ ಬಯಲಿನಲ್ಲಿ ಚಿಪ್ಪು ಆಯುತ್ತಿದ್ದ ಚೀನೀ ವಲಸೆ ಕೂಲಿಗಳಲ್ಲಿ ಕನಿಷ್ಠ 21 ಮಂದಿ ಉಬ್ಬರದಲ್ಲಿ ಸಿಕ್ಕಿ ಸತ್ತರು. ಜಾಗ ಹೊಸದು, ಭಾಷೆ ಬಾರದು, ಕರೆತಂದವರಿಗೆ ಅವರ ಜೀವದ ಚಿಂತೆ ಇಲ್ಲ. ಅದೇ ಕೊಲ್ಲಿಯಲ್ಲಿ 16ನೇ ಶತಮಾನದಿಂದ ರಾಜಮನೆತನದ ಹೆಸರಿನಲ್ಲಿ ನೇಮಕವಾದ ದಾರಿತೋರುಗರು ಇದ್ದಾರೆ. ಸೆಡ್ರಿಕ್ ರಾಬಿನ್ಸನ್ ಎಂಬವರು 1963ರಿಂದ 2019ರವರೆಗೆ ಆ ಕೆಲಸ ಮಾಡಿದರು. ಪ್ರತಿ ಸಲವೂ ಮೊದಲೇ ಹೋಗಿ ಮರಳನ್ನು ಪರೀಕ್ಷಿಸಿ, ಸುರಕ್ಷಿತ ದಾರಿಗೆ ಲಾರೆಲ್ ಗಿಡದ ಕೊಂಬೆಗಳನ್ನು ನೆಟ್ಟು ಗುರುತು ಮಾಡಿ, ಆಮೇಲೆ ಜನರನ್ನು ದಾಟಿಸುತ್ತಿದ್ದರು. ನೆದರ್ಲೆಂಡ್ಸಿನಲ್ಲಿ ವಾಡನ್ ಸಮುದ್ರದ ಕೆಸರು ಬಯಲನ್ನು ದಾಟಿ ದ್ವೀಪಗಳಿಗೆ ಗುಂಪು ಕರೆದೊಯ್ಯುವವರು ಪರವಾನಗಿ ಪಡೆದಿರಬೇಕು. ಜರ್ಮನಿಯ ಕುಕ್ಸ್‌ಹಾಫೆನ್ ಕರೆಯಿಂದ ನೋಯ್‌ವೆರ್ಕ್ ದ್ವೀಪಕ್ಕೆ ಸುಮಾರು 10 ಕಿಲೋಮೀಟರ್ ನಡಿಗೆ, ದಾರಿಯುದ್ದಕ್ಕೂ ಹತ್ತಿ ಕೂರುವ ಎತ್ತರದ ಪಂಜರಗಳಿವೆ. ದಾರಿ ಉದ್ದವಾಗಿದ್ದು ಮರಳು ದಿನದಿಂದ ದಿನಕ್ಕೆ ಸರಿಯುವ ಕಡೆ ಬೋರ್ಡು ಸಾಲದು, ಗೊತ್ತಿರುವ ಮನುಷ್ಯರೇ ಜೊತೆಗೆ ಬೇಕು. ಅರ್ಧ ಗಂಟೆಯಲ್ಲಿ ದಾಟುವ ಗಟ್ಟಿ ದಾರಿಗೂ ಇದೇ ಕಟ್ಟುಪಾಡು ಹೇರಿದರೆ ಅದು ಹೆಚ್ಚಾಯಿತು.

‘ಇಷ್ಟೆಲ್ಲ ಯಾಕೆ, ಒಂದು ಸೇತುವೆ ಕಟ್ಟಿಬಿಡಿ’ ಎನ್ನುವವರಿದ್ದಾರೆ. ಅಲ್ಲಿ ಜನ ವಾಸವಿದ್ದರೆ, ಆಸ್ಪತ್ರೆ ಶಾಲೆಗೆ ಓಡಾಡಬೇಕಿದ್ದರೆ, ಸೇತುವೆ ಬೇಕು. ಫ್ರಾನ್ಸಿನ ನ್ವಾರ್ಮೂತಿಯೆ ದ್ವೀಪಕ್ಕೆ 1971ರಲ್ಲಿ ಸೇತುವೆ ಬಂತು, ಅದರ ಜೊತೆಗೆ ನಾಲ್ಕು ಕಿಲೋಮೀಟರಿಗಿಂತ ಉದ್ದದ ಹಳೆಯ ಇಳಿತದ ದಾರಿ ಗ್ವಾ ಕೂಡ ಉಳಿಯಿತು. ಹಾಗೆ ಎರಡೂ ಉಳಿದರೆ ನನ್ನ ತಕರಾರಿಲ್ಲ. ಆದರೆ ಮಣ್ಣು ಕಲ್ಲು ತುಂಬಿದ ಒಡ್ಡು ಬೇರೆಯೇ ವಿಷಯ. ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರ್ ಟೈರ್ ದ್ವೀಪ ನಗರವನ್ನು ಗೆಲ್ಲಲು ಕರೆಯಿಂದ ಒಡ್ಡು ಹಾಕಿಸಿದ. ಒಡ್ಡಿಗೆ ಮರಳು ಕೂಡುತ್ತಾ ಹೋಗಿ ಟೈರ್ ಶಾಶ್ವತವಾಗಿ ನೆಲಕ್ಕೆ ಸೇರಿತು. ಇವತ್ತು ನಕ್ಷೆಯಲ್ಲಿ ಅದು ದ್ವೀಪವಲ್ಲ. ಮೋಂ ಸಾಂ ಮಿಶೆಲ್‌ನಲ್ಲಿ 1879ರಲ್ಲಿ ಕಟ್ಟಿದ ಒಡ್ಡಿನಿಂದಲೂ ಹೂಳು ಹೆಚ್ಚಿ ದ್ವೀಪ ಹುಲ್ಲುಗಾವಲಾಗುವ ಹಂತಕ್ಕೆ ಬಂತು. ಕೊನೆಗೆ ನದಿಗೆ ಹೊಸ ಅಣೆ ಕಟ್ಟಿ ಹೂಳು ತೊಳೆದು, 2014ರಲ್ಲಿ ನೀರು ಕೆಳಗೆ ಹರಿಯುವಂತೆ ಕಂಬಗಳ ಮೇಲಿನ ಸೇತುವೆ ತೆರೆದು, ಹಳೆಯ ಒಡ್ಡನ್ನು ಕಿತ್ತರು. ದಾರಿ ಸುಲಭ ಮಾಡಲು ಹೋಗಿ ದ್ವೀಪವನ್ನೇ ಕಳೆದುಕೊಳ್ಳುವುದಿತ್ತು.

ಹಕ್ಕಿಗಳ ಮಾತು ಬಿಟ್ಟರೆ ಈ ವಿಷಯ ಅಪೂರ್ಣ. ಇಳಿತದಲ್ಲಿ ಕಡಲಹಕ್ಕಿಗಳು ಕೆಸರು ಬಯಲಿನ ತುಂಬ ಹರಡಿಕೊಂಡು ಹುಳ, ಚಿಪ್ಪು ಹೆಕ್ಕುತ್ತವೆ. ಉಬ್ಬರ ಬಂದಾಗ ಬಯಲು ಮುಳುಗುತ್ತದೆ, ಸಾವಿರಾರು ಹಕ್ಕಿಗಳು ಉಳಿದ ಪುಟ್ಟ ಒಣ ನೆಲಕ್ಕೆ ಬಂದು ದಣಿವಾರಿಸಿಕೊಳ್ಳುತ್ತವೆ. ಆ ಒಣ ನೆಲ ಬಹಳ ಸಲ ಇದೇ ನಡುಗಡ್ಡೆ. ಆ ಹೊತ್ತಿಗೆ ಅಲ್ಲಿ ಮನುಷ್ಯರಿದ್ದು, ನಾಯಿ ಬೊಗಳುತ್ತಿದ್ದರೆ ಅವು ಹಾರಿ ಹಾರಿ ಸೋಲುತ್ತವೆ. ಉತ್ತರ ಧ್ರುವದ ಕಡೆಯಿಂದ ಸಾವಿರಾರು ಕಿಲೋಮೀಟರ್ ಹಾರಿ ಚಳಿಗಾಲ ಕಳೆಯಲು ಬಂದ ಹಕ್ಕಿಗೆ ಆ ಶಕ್ತಿಯ ನಷ್ಟ ಸಣ್ಣದಲ್ಲ. ಇಲ್ಲೊಂದು ಹೊಂದಾಣಿಕೆ ಆಗಲೇ ಇದೆ, ಅದನ್ನು ಗುರುತಿಸಿದರೆ ಸಾಕು: ಇಳಿತದಲ್ಲಿ ಹೋಗಿ ಉಬ್ಬರಕ್ಕೆ ಮೊದಲೇ ಹಿಂದಿರುಗುವ ನಡಿಗೆಯವರು ಹಕ್ಕಿಗಳಿಗೆ ನಡುಗಡ್ಡೆ ಬೇಕಾದ ಹೊತ್ತಿನಲ್ಲಿ ಅಲ್ಲಿರುವುದೇ ಇಲ್ಲ. ಜೀವ ಉಳಿಸುವ ಪಟ್ಟಿಯೇ ಹಕ್ಕಿಯನ್ನೂ ಉಳಿಸುತ್ತದೆ. ಗೂಡು ಕಟ್ಟುವ ಕಾಲ ಬೇರೆ. ವೇಲ್ಸಿನ ವರ್ಮ್ಸ್ ಹೆಡ್‌ನಲ್ಲಿ ಮಾರ್ಚಿನಿಂದ ಆಗಸ್ಟಿನವರೆಗೆ ಹೊರತುದಿಗೆ ಹೋಗುವಂತಿಲ್ಲ, ಉಳಿದ ಭಾಗ ತೆರೆದಿರುತ್ತದೆ. ವರ್ಷವಿಡೀ ಎಲ್ಲವನ್ನೂ ಮುಚ್ಚುವುದಕ್ಕಿಂತ ಇಷ್ಟು ತಿಂಗಳು, ಇಷ್ಟು ಜಾಗ ಎಂದು ಹೇಳಿದರೆ ಜನ ಒಪ್ಪುತ್ತಾರೆ.

ಕಡಲ ಮಟ್ಟ ಏರುತ್ತಿರುವುದು ಈ ದಾರಿಗಳನ್ನು ಎಲ್ಲಕ್ಕಿಂತ ಮೊದಲು ತಟ್ಟುತ್ತದೆ. 1901ರಿಂದ 2018ರ ನಡುವೆ ಜಗತ್ತಿನ ಸರಾಸರಿ ಕಡಲ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ ಎಂದು ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿಯಾದ ಐಪಿಸಿಸಿಯ ಆರನೇ ವರದಿ ಹೇಳುತ್ತದೆ. ಒಂದು ಗೇಣಿಗಿಂತ ಕಡಿಮೆ, ಅದರಿಂದ ಏನು ಎನ್ನಬಹುದು. ಲೆಕ್ಕ ಹಾಕೋಣ. ದಾರಿ ಮುಳುಗುವ ಹೊತ್ತಿಗೆ ನೀರು ಗಂಟೆಗೆ ಒಂದು ಮೀಟರ್ ಏರುವ ಜಾಗದಲ್ಲಿ 20 ಸೆಂಟಿಮೀಟರ್ ಅಂದರೆ 12 ನಿಮಿಷ. ತೆರೆಯುವುದು 12 ನಿಮಿಷ ತಡ, ಮುಚ್ಚುವುದು 12 ನಿಮಿಷ ಬೇಗ, ಒಟ್ಟು 24 ನಿಮಿಷ ಹೋಯಿತು. ಉಬ್ಬರವಿಳಿತದ ಅಂತರ ಕಡಿಮೆ ಇರುವ, ಗಂಟೆಗೆ 30 ಸೆಂಟಿಮೀಟರ್ ಮಾತ್ರ ಏರುವ ಕರೆಯಲ್ಲಿ ಅದೇ 20 ಸೆಂಟಿಮೀಟರ್ ಎರಡೂ ಕಡೆ ಸೇರಿ 80 ನಿಮಿಷ ತಿನ್ನುತ್ತದೆ. ಮೆಲ್ಲಗೆ ಏರುವ ಕಡಲಿನಲ್ಲೇ ನಷ್ಟ ಹೆಚ್ಚು. ಹಾಗಾಗಿ ಹಳೆಯ ಪಟ್ಟಿಯನ್ನು ವರ್ಷವರ್ಷವೂ ಮುದ್ರಿಸುತ್ತಾ ಹೋದರೆ ಸಾಲದು. ದಾರಿಯ ಅತಿ ತಗ್ಗಿನ ಜಾಗ ಎಷ್ಟು ಎತ್ತರದಲ್ಲಿದೆ ಎಂದು ಕೆಲವು ವರ್ಷಕ್ಕೊಮ್ಮೆ, ದೊಡ್ಡ ಬಿರುಗಾಳಿಯ ನಂತರ ಕೂಡಲೇ, ಅಳೆದು ಹೊತ್ತನ್ನು ತಿದ್ದಬೇಕು.

ಕೊನೆಯದಾಗಿ, ನಿಮ್ಮಲ್ಲಿ ಕೆಲವರು ಚೀಟಿ ಬರೆದು ಕಳಿಸಿದ ಒಂದು ಪ್ರಶ್ನೆ: ದಾರಿ ಎಲ್ಲರಿಗೂ ತೆರೆದಿದ್ದು ಯಾರಿಗಾದರೂ ಪೆಟ್ಟಾದರೆ ಹೊಣೆ ಯಾರು? ಬಹಳ ಕಡೆ ಮಾಲೀಕರೂ ಸ್ಥಳೀಯ ಆಡಳಿತವೂ ಬೇಲಿ ಹಾಕುವುದು ಈ ಹೆದರಿಕೆಗೇ. ಹೆದರಿಕೆ ನಿಜವಾದದ್ದು, ಅದನ್ನು ಬೈದು ಉಪಯೋಗವಿಲ್ಲ, ಕಾನೂನಿನಲ್ಲೇ ಕಳೆಯಬೇಕು. ಇಂಗ್ಲೆಂಡಿನ 2009ರ ಕಾಯ್ದೆ ಅದನ್ನು ಮಾಡಿದೆ. ಕರಾವಳಿ ಪ್ರವೇಶದ ಹಕ್ಕು ಇರುವ ನೆಲದಲ್ಲಿ, ಬಂಡೆಯಾಗಲಿ ಹುದುಲಾಗಲಿ ಮನುಷ್ಯರು ಕಟ್ಟಿದ ಗೋಡೆಯಾಗಲಿ, ಆ ನೆಲದ ಸ್ವರೂಪದಿಂದ ನಡೆಯುವವರಿಗೆ ತೊಂದರೆಯಾದರೆ ಮಾಲೀಕರು ಸಾಮಾನ್ಯವಾಗಿ ಹೊಣೆಯಲ್ಲ. ಬೇಕೆಂದೇ ಅಥವಾ ಲೆಕ್ಕಿಸದೆ ಅಪಾಯ ಒಡ್ಡಿದ್ದರೆ ಮಾತ್ರ ಹೊಣೆ. ಹೀಗೆ ಮಾಲೀಕರ ಭಾರ ಇಳಿಸಿದ ಮೇಲೆ ನಡೆಯುವವರ ಭಾರ ಏರುತ್ತದೆ, ಅದು ನ್ಯಾಯವೇ. ಆ ಭಾರ ಹೊರಲು ಬೇಕಾದದ್ದನ್ನು, ಅಂದರೆ ಹೊತ್ತು, ದಾರಿ, ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕು ಎಂಬುದನ್ನು, ಸರ್ಕಾರ ಕೊಡಬೇಕು. ಕೊನೆಯದನ್ನು ನೀವು ಈಗಲೇ ತಿಳಿದುಕೊಂಡು ಹೋಗಿ. ಹಿಂದಿರುಗುವ ದಾರಿಯಲ್ಲಿ ನೀರು ಕಂಡರೆ ಅದಕ್ಕೆ ಇಳಿಯಬೇಡಿ, ಮೊಣಕಾಲುದ್ದ ಎನಿಸಿದರೂ ಬೇಡ. ನಡುಗಡ್ಡೆಯ ಎತ್ತರದ ಜಾಗಕ್ಕೆ ಹೋಗಿ, ನೆರವು ಬೇಕಿದ್ದರೆ ಫೋನು ಮಾಡಿ, ಮುಂದಿನ ಇಳಿತಕ್ಕೆ ಕಾಯಿರಿ.